ಗುಂಡು ಹಾರಿಸಿದವರು ಯಾರು?

ಜರ್ಮನಿಯ ಮ್ಯೂನಿಕ್ ನಗರದ ನಡುಭಾಗದಲ್ಲಿ ವಿಸ್ಕಾರ್ಡಿಗಾಸೆ ಎಂಬ ಕಿರು ಓಣಿಯೊಂದಿದೆ. ನೋಡುವುದಕ್ಕೆ ಅಲ್ಲಿ ವಿಶೇಷವೇನೂ ಇಲ್ಲ. ನೆಲಕ್ಕೆ ಹಾಸಿದ ಕಲ್ಲುಗಳ ನಡುವೆ ಕಂಚಿನ ಪಟ್ಟೆಯೊಂದು ಬಳುಕುತ್ತ ಸಾಗುತ್ತದೆ, ಅಷ್ಟೆ. ಆದರೆ ನಾಜಿ ಕಾಲದ ಚರಿತ್ರೆಯನ್ನು ತೋರಿಸಲು ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವ ಮಾರ್ಗದರ್ಶಿಗಳು ಈ ಓಣಿಯನ್ನು ಬಿಡುವುದು ಅಪರೂಪ. 1923ರ ನವೆಂಬರ್ 9ರಂದು ಹಿಟ್ಲರನೂ ಅವನ ಸಂಗಡಿಗರೂ ಸರ್ಕಾರವನ್ನು ಉರುಳಿಸಲು ಮೆರವಣಿಗೆ ಹೊರಟು, ಪಕ್ಕದ ಫೆಲ್ಡ್‌ಹೆರ್ನ್‌ಹಾಲೆ ಎಂಬ ಮಂಟಪದ ಬಳಿ ಪೊಲೀಸರೊಡನೆ ಗುಂಡಿನ ಕಾಳಗಕ್ಕಿಳಿದರು. ನಾಲ್ವರು ಪೊಲೀಸರು ಸತ್ತರು. ತಮ್ಮ ಕಡೆ ಹದಿನಾರು ಮಂದಿ ಸತ್ತರೆಂದು ನಾಜಿ ಪಕ್ಷ ಲೆಕ್ಕ ಹೇಳಿತು. 1933ರಲ್ಲಿ ಅಧಿಕಾರ ಕೈಗೆ ಬಂದಮೇಲೆ ಆ ಪಕ್ಷದವರು ಅಲ್ಲಿ ತಮ್ಮವರಿಗೊಂದು ಸ್ಮಾರಕ ನಿಲ್ಲಿಸಿ, ಕಾವಲಿಟ್ಟು, ಹಾದುಹೋಗುವವರೆಲ್ಲ ಬಲಗೈ ಚಾಚಿ ವಂದಿಸಬೇಕೆಂದು ವಿಧಿಸಿದರು. ವಂದಿಸಲು ಮನಸ್ಸೊಪ್ಪದ ಜನ ಮಂಟಪದ ಹಿಂಬದಿಯ ಈ ಓಣಿಯಲ್ಲಿ ನುಸುಳಿ ಹೋಗುತ್ತಿದ್ದರು. ಊರವರು ಅದನ್ನು ನುಣುಚಿಕೊಳ್ಳುವವರ ಓಣಿ ಎಂದು ಕರೆದರು. 1995ರಲ್ಲಿ ಹಾಕಿದ ಕಂಚಿನ ಪಟ್ಟೆ ಆ ಹೆಜ್ಜೆಗಳ ಗುರುತು.

ನಡಿಗೆ ಅಲ್ಲಿಂದ ಕೋನಿಗ್ಸ್‌ಪ್ಲಾಟ್ಸ್ ಎಂಬ ಚೌಕಕ್ಕೆ ಸಾಗುತ್ತದೆ. 1933ರ ಮೇ 10ರಂದು ವಿದ್ಯಾರ್ಥಿಗಳೇ ಮುಂದಾಗಿ ಪುಸ್ತಕಗಳನ್ನು ಸುಟ್ಟ ಜಾಗ ಅದು. ಸಮೀಪದಲ್ಲೇ ಹಿಟ್ಲರನ ಕಚೇರಿಯಿದ್ದ ಕಟ್ಟಡವಿದೆ. 1938ರ ಸೆಪ್ಟೆಂಬರಿನಲ್ಲಿ ಜೆಕೊಸ್ಲೊವಾಕಿಯವನ್ನು ಕತ್ತರಿಸಿಕೊಟ್ಟ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿ. ಈಗ ಅಲ್ಲಿ ಸಂಗೀತ ಕಲಿಸುತ್ತಾರೆ. ಪಕ್ಷದ ಕೇಂದ್ರ ಕಚೇರಿ ನಿಂತಿದ್ದ ನಿವೇಶನದಲ್ಲಿ 2015ರಲ್ಲಿ ಆ ಕಾಲದ ದಾಖಲೆಗಳ ಕೇಂದ್ರವೊಂದು ತೆರೆಯಿತು. ಕೆಲವು ನಡಿಗೆಗಳು ವಿಶ್ವವಿದ್ಯಾಲಯದವರೆಗೂ ಹೋಗುತ್ತವೆ. ಹಾನ್ಸ್ ಮತ್ತು ಸೋಫಿ ಶೋಲ್ ಎಂಬ ಅಣ್ಣತಂಗಿಯರು 1943ರ ಫೆಬ್ರವರಿ 18ರಂದು ಹಿಟ್ಲರನ ವಿರುದ್ಧದ ಕರಪತ್ರಗಳನ್ನು ಅಲ್ಲಿ ಹಂಚಿದರು. ನಾಲ್ಕೇ ದಿನಗಳಲ್ಲಿ ಇಬ್ಬರ ತಲೆಯನ್ನೂ ಕಡಿಯಲಾಯಿತು. ಅವರನ್ನು ಹಿಡಿದುಕೊಟ್ಟವನು ಗೂಢಚಾರನಲ್ಲ, ಕಟ್ಟಡ ನೋಡಿಕೊಳ್ಳುತ್ತಿದ್ದ ಸಾಮಾನ್ಯ ನೌಕರ. ಆ ಕಥೆಯಲ್ಲಿ ಇವನಿಗೂ ಜಾಗವಿದೆ. ಸತ್ತವರು ಯಾರು ಎಂಬುದರ ಜೊತೆಗೆ ಹಿಡಿದುಕೊಟ್ಟವರು, ಆಜ್ಞೆ ಬರೆದವರು, ನೋಡಿ ಸುಮ್ಮನಿದ್ದವರು ಯಾರೆಂಬುದನ್ನೂ ಹೇಳಿದಾಗಲೇ ಅಂಥ ನಡಿಗೆಗೆ ಅರ್ಥ ಬರುವುದು.

ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಹೋಗಿ ಜರ್ಮನಿಯಲ್ಲಿ ದುಡಿಯುತ್ತಿರುವ ಮಕ್ಕಳ ಮನೆಗೆ ತಂದೆತಾಯಿಯರು ಹೋಗಿಬರುವುದು ಈಗ ಹೊಸದೇನಲ್ಲ. ಮಕ್ಕಳು ಅವರನ್ನು ಇಂಥ ನಡಿಗೆಗೂ ಕರೆದೊಯ್ಯುತ್ತಾರೆ. ಹಿರಿಯರು ಮರುಗುತ್ತಾರೆ, ನಿಟ್ಟುಸಿರಿಡುತ್ತಾರೆ, ಊರಿಗೆ ಮರಳಿ ಜಗುಲಿಯ ಮೇಲೆ ಕುಳಿತು ವರ್ಣಿಸುತ್ತಾರೆ. ವರ್ಣನೆ ಬಹುಮಟ್ಟಿಗೆ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಸದ್ಯ, ನಮ್ಮ ಕಡೆ ಅಂಥದ್ದೇನೂ ನಡೆಯಲಿಲ್ಲ. ಆಕ್ಷೇಪವಿರುವುದು ಈ ಮಾತಿಗೆ.

ಮೊದಲು ಒಂದು ಸ್ಪಷ್ಟನೆ ಅಗತ್ಯ. ಅರುವತ್ತು ಲಕ್ಷ ಯೆಹೂದಿಗಳನ್ನು ಕೊಂದ ಆಳ್ವಿಕೆಗೂ ಮೈಸೂರು ಸಂಸ್ಥಾನದ ಆಳ್ವಿಕೆಗೂ ಹೋಲಿಕೆಯಿಲ್ಲ. ಹಾಗೆ ಹೋಲಿಸುವುದು ಸತ್ತವರಿಗೂ ಅವಮಾನ, ಮೈಸೂರಿಗೂ ಅನ್ಯಾಯ. ಇಲ್ಲಿ ಹೋಲಿಸುತ್ತಿರುವುದು ಅಪರಾಧಗಳನ್ನಲ್ಲ, ಹೇಳುವ ಕ್ರಮವನ್ನು. ಊರಿನ ಅಹಿತಕರ ಚರಿತ್ರೆಯನ್ನು ಆ ಊರಿನ ನೆಲದ ಮೇಲೆಯೇ ನಿಂತು ಹೇಳುವಾಗ ಕರ್ತೃವಿನ ಹೆಸರು ಬಾಯಿಗೆ ಬರುತ್ತದೆಯೇ ಇಲ್ಲವೇ, ಪ್ರಶ್ನೆ ಇಷ್ಟೆ.

ಭಾರತೀನಗರದಿಂದ ಮದ್ದೂರಿಗೆ ದೂರವೇನಿಲ್ಲ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಕಾಂಗ್ರೆಸ್ ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆಯಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಆಜ್ಞೆಯನ್ನು ಮೀರಿ ಬಂಧಿತರಾದರು. ಅವರ ಹಿಂದೆ ಇತರ ನಾಯಕರೂ ಬಂಧಿತರಾದರು. ಸಾವಿರಾರು ರೈತರು ಅದನ್ನು ಕಣ್ಣಾರೆ ಕಂಡರು. ಅದರ ನೆನಪಿಗಾಗಿ ಶಿವಪುರದಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಶಾಲಾ ಕಾಲೇಜುಗಳ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ಹಾರ, ಭಾಷಣ, ಗುಂಪಿನ ಛಾಯಾಚಿತ್ರ; ಬಳಿಕ ಮದ್ದೂರು ವಡೆ. ಭಾಷಣದಲ್ಲಿ ಧ್ವಜವಿದೆ, ತ್ಯಾಗವಿದೆ, ವೀರರ ಹೆಸರುಗಳಿವೆ. ಧ್ವಜವನ್ನು ಬೇಡವೆಂದವರು ಯಾರು? ಮಗುವೊಂದು ಕೈಯೆತ್ತಿ ಕೇಳಿದರೆ ಸಿಗುವ ಉತ್ತರ ಸಿದ್ಧವಾಗಿಯೇ ಇರುತ್ತದೆ: ಬ್ರಿಟಿಷರು.

ಈ ಉತ್ತರ ತಪ್ಪು. ನಿಷೇಧ ಮೈಸೂರು ಸರ್ಕಾರದ್ದು. ಸಿಂಹಾಸನದ ಮೇಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬಂಧಿಸಿದ ಪೊಲೀಸರು ಮೈಸೂರಿನ ಪೊಲೀಸರು. ಬ್ರಿಟಿಷ್ ಸಾರ್ವಭೌಮತ್ವ ಅದೆಲ್ಲದರ ಮೇಲೆ ನೆರಳಿನಂತಿತ್ತೆಂಬುದು ನಿಜ. ಆದರೆ ನೆರಳು ಆಜ್ಞೆ ಬರೆಯುವುದಿಲ್ಲ. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಜನರ ಲೆಕ್ಕದಲ್ಲಿ ಸತ್ತವರು 32. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಬಿರುದು ಆ ಊರಿಗೆ ಅಂಟಿಕೊಂಡಿದೆ. ಬಿರುದು ಭಾವನೆಯನ್ನು ಉಕ್ಕಿಸುತ್ತದೆ, ಅದರ ಜೊತೆಗೇ ಅರಿವನ್ನು ದಾರಿ ತಪ್ಪಿಸುತ್ತದೆ. ಜಲಿಯನ್‌ವಾಲಾ ಬಾಗ್ ಎಂದೊಡನೆ ಕೇಳುಗನ ಮನಸ್ಸಿನಲ್ಲಿ ಜನರಲ್ ಡೈಯರ್ ಮೂಡುತ್ತಾನೆ. ವಿದುರಾಶ್ವತ್ಥದಲ್ಲಿ ಡೈಯರ್ ಇರಲಿಲ್ಲ. ಕೋವಿ ಹಿಡಿದಿದ್ದವರು ಮೈಸೂರು ಸಂಸ್ಥಾನದ ಸಂಬಳ ತಿನ್ನುತ್ತಿದ್ದವರು. ಎದುರಿಗೆ ನಿಂತಿದ್ದವರು ಅದೇ ಸಂಸ್ಥಾನದ ಪ್ರಜೆಗಳು.

ಕನ್ನಡ ಗದ್ಯದ ಒಂದು ದುರಭ್ಯಾಸ ಇಲ್ಲಿ ಚರಿತ್ರೆಗೆ ಕೇಡು ಮಾಡಿದೆ. ಪಠ್ಯಪುಸ್ತಕ, ಸ್ಮರಣ ಸಂಚಿಕೆ, ವೇದಿಕೆಯ ಭಾಷಣಗಳಲ್ಲೆಲ್ಲ ಕರ್ಮಣಿ ಪ್ರಯೋಗದ ರಾಜ್ಯಭಾರ. ಧ್ವಜಾರೋಹಣವನ್ನು ನಿಷೇಧಿಸಲಾಯಿತು, ನಾಯಕರನ್ನು ಬಂಧಿಸಲಾಯಿತು, ಗುಂಡು ಹಾರಿಸಲಾಯಿತು. ಆಡುಮಾತಿನಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಎಮ್ಮೆಯನ್ನು ಬಿಚ್ಚಿಕೊಂಡು ಹೋಗಲಾಯಿತು ಎಂದು ಯಾವ ರೈತನೂ ಠಾಣೆಯಲ್ಲಿ ದೂರು ಕೊಡಲಾರ. ಇಂಥವನು ಬಿಚ್ಚಿಕೊಂಡು ಹೋದ ಎಂದೇ ಹೇಳುತ್ತಾನೆ. ಕಚೇರಿಯಿಂದ ಬಂದ 'ಲಾಯಿತು' ಕರ್ತೃವಿಗೆ ಸಿಕ್ಕ ಜಾಮೀನು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಖಾಲಿ ಬಿದ್ದ ಕರ್ತೃಸ್ಥಾನಕ್ಕೆ ಬ್ರಿಟಿಷರು ತಾವಾಗಿಯೇ ಬಂದು ಕೂರುತ್ತಾರೆ. ಅವರು ದೇಶ ಬಿಟ್ಟುಹೋದವರು, ವಾದಿಸಲು ಬರುವವರಲ್ಲ.

ಹೀಗಾಗುವುದಕ್ಕೆ ಆಳವಾದ ಕಾರಣವೊಂದಿದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಮಂಡ್ಯದ ಜನಕ್ಕೆ ಅನ್ನ ಕೊಟ್ಟದ್ದು ಅದೇ ಸರ್ಕಾರ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ, ಆಗ ಇರ್ವಿನ್ ಕಾಲುವೆಯೆಂದು ಕರೆಸಿಕೊಂಡ ಇಂದಿನ ವಿಶ್ವೇಶ್ವರಯ್ಯ ಕಾಲುವೆ, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆ, 1939ರಲ್ಲಿ ರೂಪುಗೊಂಡ ಮಂಡ್ಯ ಜಿಲ್ಲೆ ಎಲ್ಲವೂ ನಾಲ್ವಡಿಯವರ ಕಾಲದವು. ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದದ್ದು ಹಾಗೆ. ಮಂಡ್ಯದ ಮನೆಮನೆಗಳಲ್ಲಿ ನಾಲ್ವಡಿಯವರ ಭಾವಚಿತ್ರ ದೇವರ ಪಟದ ಪಕ್ಕದಲ್ಲಿದ್ದರೆ ಅದು ಸಹಜ, ಅದು ಕೃತಜ್ಞತೆ. ಆದರೆ ನೀರು ಕೊಟ್ಟ ಸರ್ಕಾರವೇ ಬಾಯಿಗೆ ಬೀಗ ಹಾಕಿತೆಂದು ಒಪ್ಪಿಕೊಂಡರೆ ಕೃತಜ್ಞತೆಗೆ ಕುಂದು ಬರುತ್ತದೆಂಬ ಹೆದರಿಕೆ ಏಕೆ? 1938ರಲ್ಲಿ ಶಿವಪುರದಲ್ಲಿ ನೆರೆದ ರೈತರಿಗೆ ಆ ಹೆದರಿಕೆ ಇರಲಿಲ್ಲ. ಕಾಲುವೆಯ ನೀರನ್ನು ಕಂಡಿದ್ದವರೇ ಅವರು. ಆದರೂ ಧ್ವಜದ ಕೆಳಗೆ ಬಂದು ನಿಂತರು. ಮೊಮ್ಮಕ್ಕಳು ಅಜ್ಜಂದಿರಿಗಿಂತ ಅಳ್ಳೆದೆಯವರಾಗಿದ್ದಾರೆ.

ದಿವಾನರ ಹೆಸರು ಬಂದೊಡನೆ ಅವರ ಮತವನ್ನು ಎತ್ತಿ ಆಡುವವರೂ ಈಚೆಗೆ ಹುಟ್ಟಿಕೊಂಡಿದ್ದಾರೆ. ಮಹಾರಾಜರನ್ನು ಬಿಟ್ಟು ದಿವಾನರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ಕರ್ತೃವನ್ನು ಮರೆಸುವ ಇನ್ನೊಂದು ಬಗೆ, ಇನ್ನೂ ಕೆಟ್ಟ ಬಗೆ. ಆಜ್ಞೆ ಹೊರಟದ್ದು ಸರ್ಕಾರವೆಂಬ ಸಂಸ್ಥೆಯಿಂದ. ಆ ವರ್ಷದ ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ಮಾತುಕತೆ ನಡೆಸಿದಾಗ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದಕ್ಕೆ ಬಂದದ್ದೂ ಅದೇ ದಿವಾನರ ಸರ್ಕಾರ. ಹೇಳುವುದಾದರೆ ಎರಡನ್ನೂ ಹೇಳಬೇಕು.

ಹಳೆಯ ಗಾಯವನ್ನು ಕೆದಕುವುದೇಕೆ ಎಂಬ ಮಾತು ಜರ್ಮನಿಯಲ್ಲೂ ಕೇಳಿಬಂದಿತ್ತು. ಮ್ಯೂನಿಕ್ಕಿನ ದಾಖಲೆ ಕೇಂದ್ರ ತೆರೆದದ್ದು ಯುದ್ಧ ಮುಗಿದ ಎಪ್ಪತ್ತು ವರ್ಷಗಳ ಮೇಲೆ. ಜರ್ಮನ್ನರು ಹುಟ್ಟಿನಿಂದ ಸತ್ಯಸಂಧರೆಂದು ಕೊಂಡಾಡಬೇಕಾಗಿಲ್ಲ. ನಾಜಿಗಳಿಗೆ ಬಲಿಯಾದವರ ಹೆಸರು ಕೊರೆದ ಹಿತ್ತಾಳೆಯ ಬಿಲ್ಲೆಗಳನ್ನು ಅವರ ಮನೆಯ ಮುಂದಿನ ಕಾಲುದಾರಿಯಲ್ಲಿ ಹುದುಗಿಸುವ ಪದ್ಧತಿ ಬೇರೆ ನಗರಗಳಲ್ಲಿದ್ದರೂ, ಮ್ಯೂನಿಕ್ ನಗರಸಭೆ ಸಾರ್ವಜನಿಕ ನೆಲದಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲ. ಸತ್ತವರ ಹೆಸರನ್ನು ಕಾಲಲ್ಲಿ ತುಳಿಯುವುದು ಸಲ್ಲದೆಂದು ಅಲ್ಲಿನ ಯೆಹೂದಿ ಸಮುದಾಯದ ಮುಖ್ಯಸ್ಥರೇ ವಿರೋಧಿಸಿದ್ದರು. ಅಲ್ಲಿ ಜಗಳವಿದೆ. ಜಗಳ ಹೇಗೆ ನೆನೆಯಬೇಕೆಂಬುದರ ಬಗ್ಗೆ. ಮಾಡಿದವರು ಯಾರೆಂಬುದರ ಬಗ್ಗೆ ಅಲ್ಲ.

ಕರ್ತೃವನ್ನು ಹೆಸರಿಸುವ ನಿಯಮ ತನ್ನವರಿಗೂ ಅನ್ವಯಿಸಬೇಕು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು 1943ರಲ್ಲಿ ಮೈಸೂರು ಸರ್ಕಾರ ಗಲ್ಲಿಗೇರಿಸಿತು. ಆ ಐವರ ಹೆಸರು ನಾಡಿಗೆ ಗೊತ್ತು, ಗೊತ್ತಿರಬೇಕಾದದ್ದೇ. 1942ರಲ್ಲಿ ಆ ಊರಿನ ಗುಂಪಿನ ಕೈಯಲ್ಲಿ ಸತ್ತ ಅಮಲ್ದಾರರನ್ನೂ ಪೊಲೀಸ್ ಅಧಿಕಾರಿಯನ್ನೂ ಎಷ್ಟು ಸಭೆಗಳಲ್ಲಿ ನೆನೆಯುತ್ತಾರೆ? ಅವರೂ ಕನ್ನಡ ನೆಲದವರೇ, ಅವರಿಗೂ ಮನೆಮಠಗಳಿದ್ದವು. ಇದನ್ನು ಹೇಳಿದರೆ ಹೋರಾಟದ ತೂಕ ಕುಗ್ಗುವುದಿಲ್ಲ. ಕೇಳುವ ವಿದ್ಯಾರ್ಥಿ ಹೇಳುವವನನ್ನು ನಂಬುತ್ತಾನೆ.

ಈ ಕ್ರಮವನ್ನು ಜರ್ಮನಿಯಿಂದಲೇ ತರಿಸಬೇಕಾಗಿಯೂ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಕನ್ನಡ ಎಂ.ಎ. ಓದಿದವರೆಲ್ಲ ಬಲ್ಲರು. ಶಕವರ್ಷ 872, ಅಂದರೆ ಕ್ರಿ.ಶ. 949–50ರದು. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತ ಕಲ್ಲೆಂದು ಅದು ಪ್ರಸಿದ್ಧ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನ ಪ್ರಸ್ತಾಪವೂ ಅದರಲ್ಲಿದೆ. ಓದುಗರು ಅಷ್ಟಾಗಿ ಗಮನಿಸದ ಸಂಗತಿ ಬೇರೊಂದಿದೆ: ಬೂತುಗನು ಎರೆಯಪ್ಪನ ಮಗ ರಾಚಮಲ್ಲನನ್ನು ಕಾದಿ ಕೊಂದು ಗಂಗವಾಡಿಯನ್ನು ಆಳುತ್ತಿದ್ದನೆಂದು ಆ ಶಾಸನ ಸ್ಪಷ್ಟವಾಗಿ ಹೇಳುತ್ತದೆ. ರಾಚಮಲ್ಲ ಬೂತುಗನಿಗೆ ಅಣ್ಣ. ಕಲ್ಲನ್ನು ನೆಡಿಸಿದವನು ಶತ್ರುವಲ್ಲ, ಬೂತುಗನ ಕಡೆಯ ಮಣಲೆರನೇ. ಅದು ಪಶ್ಚಾತ್ತಾಪವಲ್ಲ, ಬಹುಶಃ ಹೆಮ್ಮೆ. ಆದರೂ ಕೊಂದವನಾರು, ಸತ್ತವನಾರು, ಅದರಿಂದ ರಾಜ್ಯ ದಕ್ಕಿದ್ದು ಯಾರಿಗೆ ಎಂಬ ಮೂರೂ ಅಲ್ಲಿ ಕೆತ್ತಿವೆ. ಹತ್ತನೆಯ ಶತಮಾನದ ಶಾಸನಕವಿಗೆ ಸಾಧ್ಯವಾದದ್ದು ಇಂದಿನ ಸ್ಮರಣ ಸಂಚಿಕೆಯ ಸಂಪಾದಕರಿಗೆ ಸಾಧ್ಯವಾಗುತ್ತಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಆತಕೂರಿನಲ್ಲಿಲ್ಲ. ಊರಿನ ಮಕ್ಕಳು ಅದನ್ನು ಕಾಣಲು ಕಸ್ತೂರಬಾ ರಸ್ತೆಗೆ ಹೋಗಬೇಕು.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮೇಲೆ ಹೋಗುವವರಿಗೆ ಮದ್ದೂರು ಊರಾಗಿ ಕಾಣುವುದೇ ಇಲ್ಲ, ಶಿವಪುರವಂತೂ ದೂರದ ಮಾತು. ಇನ್ನು ಅಲ್ಲಿಗೆ ಬರುವವರು ಬರಬೇಕೆಂದೇ ಹೊರಟವರು ಮಾತ್ರ. ಭಾರತೀನಗರದ ಸುತ್ತಲಿನ ಶಾಲೆ ಕಾಲೇಜುಗಳಿಗೆ ಇದು ಒಂದು ಅನುಕೂಲವೇ. ಒಂದು ಬೆಳಗ್ಗೆ ಮಕ್ಕಳನ್ನು ಕಾಲುವೆಯ ಏರಿಯ ಮೇಲೆ ನಡೆಸಿ, ಈ ನೀರನ್ನು ತಂದದ್ದು ಮೈಸೂರು ಸರ್ಕಾರವೆಂದು ಹೇಳಲಿ. ಅಲ್ಲಿಂದ ಶಿವಪುರಕ್ಕೆ ಕರೆತಂದು, ಹಾರ ಹಾಕುವ ಮೊದಲು, ಅವರಲ್ಲೇ ಒಬ್ಬ ಹುಡುಗಿಯನ್ನು ಮಾರ್ಗದರ್ಶಿಯಾಗಿ ನಿಲ್ಲಿಸಲಿ. ಅವಳು ಮೂರೇ ವಾಕ್ಯ ಹೇಳಿದರೆ ಸಾಕು: ಧ್ವಜವನ್ನು ಮೈಸೂರು ಸರ್ಕಾರ ನಿಷೇಧಿಸಿತು. ಸಿದ್ದಲಿಂಗಯ್ಯನವರನ್ನು ಮೈಸೂರಿನ ಪೊಲೀಸರು ಬಂಧಿಸಿದರು. ಆ ತಿಂಗಳೇ ವಿದುರಾಶ್ವತ್ಥದಲ್ಲಿ ಅದೇ ಸರ್ಕಾರದ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು.