'ಆಗದು' ಎಂಬ ಉತ್ತರ

ಬಿ.ಎ. ಓದುವವನಿಗೆ ಅಯಸ್ಕಾಂತದ ಗೊಡವೆ ಏಕೆಂದು ವಾಚಕ ಮಿತ್ರರು ನಗಬಹುದು. ಕಾರಣವುಂಟು. ಕಳೆದ ವರ್ಷ ಸಮಾಜಶಾಸ್ತ್ರದ ಕಿರುಪ್ರಬಂಧಕ್ಕಾಗಿ ನಮ್ಮೂರಿನ ಮನೆಮನೆ ಸುತ್ತಿದೆ. ನಾನೆಣಿಸಿದ್ದ ಸಂಬಂಧವೇನೂ ಕಾಣಲಿಲ್ಲ. "ಅಂಕಿಗಳನ್ನು ಸ್ವಲ್ಪ ತಿದ್ದು" ಎಂದ ಗೆಳೆಯ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; 'ಏನೂ ಸಿಗಲಿಲ್ಲ' ಎಂದು ಯಾರಿಗೆ ಹೇಳಲಿ? ತಿದ್ದಿದೆ. ಅಂಕ ಚೆನ್ನಾಗಿಯೇ ಬಂತು.

ಆಮೇಲೆ ಗ್ರಂಥಾಲಯದಲ್ಲಿ ಅರ್ನ್‌ಸ್ಟ್ ಈಸಿಂಗನ ವಿಷಯ ಓದಿದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಪ್ರಾಧ್ಯಾಪಕ ಲೆಂಜ್ ಈ ಶಿಷ್ಯನಿಗೊಂದು ಪ್ರಶ್ನೆ ಒಪ್ಪಿಸಿದ್ದರು. ಪರಮಾಣುಗಳೆಂಬ ಪುಟ್ಟ ಅಯಸ್ಕಾಂತಗಳು ಸರಪಳಿಯಂತೆ ಒಂದೇ ಸಾಲಿನಲ್ಲಿ ನಿಂತು, ಪ್ರತಿಯೊಂದೂ ನೆರೆಯದರ ದಿಕ್ಕನ್ನೇ ಹಿಡಿಯಬಯಸಿದರೆ, ಇಡೀ ಸಾಲು ತಾನಾಗಿ ಕಾಂತವಾದೀತೆ? 1925ರಲ್ಲಿ ಆತ ಪ್ರಕಟಿಸಿದ ಉತ್ತರ: ಆಗದು.

ಶುಲ್ಕದ ಕಿಟಕಿಯ ಮುಂದಿನ ನಮ್ಮ ಸಾಲನ್ನೇ ನೆನೆಯಿರಿ. ನಡುವೆ ಒಬ್ಬ ಹಿಂದಿರುಗಿ, ಅವನ ಹಿಂದಿನವರೆಲ್ಲರೂ ಹಿಂದಿರುಗಿದರೆ ಮನಸ್ತಾಪ ಒಂದೇ ಸಂದಿನಲ್ಲಿ. ಉಳಿದೆಡೆ ನೆರೆಹೊರೆ ಸುಖವಾಗಿಯೇ ಇದೆ! ಶಾಖವು ಇಂಥ ಒಡಕುಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಆದ್ದರಿಂದ ನಿರಪೇಕ್ಷ ಶೂನ್ಯಕ್ಕಿಂತ ಎಳ್ಳಷ್ಟು ಮೇಲಿದ್ದರೂ ಉದ್ದ ಸಾಲಿನ ಶಿಸ್ತು ನಿಲ್ಲದು. ಅಂಗಳ ತುಂಬ ನಿಂತವರ ಪಾಡು ಬೇರೆ. ಅಲ್ಲಿ ಒಂದು ಗುಂಪು ತಿರುಗಬೇಕಾದರೆ ಸುತ್ತಲಿನ ಎಲ್ಲರೊಡನೆಯೂ ಕಾದಬೇಕು. ಘನವಸ್ತುವಿನಲ್ಲಿಯೂ ಕಾಂತತ್ವ ಬಾರದೆಂದು ಈಸಿಂಗ್ ಊಹಿಸಿದ್ದು ಆತುರದ ತಪ್ಪು; 1936ರಲ್ಲಿ ಪಯರ್ಲ್ಸ್ ಸಮತಲದಲ್ಲಿಯೇ ಅದು ಸಾಧ್ಯವೆಂದು ವಾದಿಸಿದ, 1944ರಲ್ಲಿ ಆನ್ಸೇಗರ್ ಪೂರ್ಣ ಲೆಕ್ಕವನ್ನೇ ಬಿಡಿಸಿದ. ಈಸಿಂಗನಾದರೋ ಯಹೂದಿಯೆಂಬ ಕಾರಣಕ್ಕೆ ಹಿಟ್ಲರನ ಆಳ್ವಿಕೆಯಲ್ಲಿ ಕೆಲಸ ಕಳೆದುಕೊಂಡು, ದೇಶ ಬಿಟ್ಟು, 1947ರಲ್ಲಿ ಅಮೆರಿಕ ಸೇರಿ ಪಾಠ ಹೇಳಿಕೊಂಡಿದ್ದ.

ಆದರೂ ಸಾಲಿನ ಮಟ್ಟಿಗೆ ಆ 'ಆಗದು' ಇಂದಿಗೂ ದುಡಿಯುತ್ತಿದೆ. ನೀಲಿ ಬಣ್ಣಗಳಲ್ಲಿ ಬಳಸುವ ತಾಮ್ರದ ಥ್ಯಾಲೊಸಯನಿನ್ ಒಂದು ಚಪ್ಪಟೆ ಸಾವಯವ ಅಣು. ಅದರ ನಟ್ಟನಡುವೆ ಒಂದೇ ಲೋಹದ ಪರಮಾಣು. ತೆಳುಪೊರೆಯಲ್ಲಿ ಈ ಅಣುಗಳು ತಟ್ಟೆಗಳಂತೆ ಒಂದಕ್ಕೊಂದು ಒರಗಿ ಪೇರಿಕೊಂಡಾಗ ಲೋಹಗಳು ಸರಪಳಿಯಾಗುತ್ತವೆ. ಒರಗುವ ಬಗೆ ಬದಲಾದರೆ ಅವುಗಳ ಕಾಂತಸಂಬಂಧವೂ ಬದಲಾಗುವುದು. ತಾಮ್ರದ ಜಾಗದಲ್ಲಿ ಕಬ್ಬಿಣವನ್ನೋ ಕೋಬಾಲ್ಟನ್ನೋ ಕೂರಿಸಬಹುದು. ಇನ್ನು ಅಣುಗಳ ಹಂಗಿಲ್ಲದೆ, ಪ್ಲಾಟಿನಂ ಹರಳಿನ ಮೆಟ್ಟಿಲಂಚಿಗೆ ಕೋಬಾಲ್ಟ್ ಪರಮಾಣುಗಳ ಒಂಟಿ ಸಾಲು ಕಟ್ಟಿದವರು, ಸುಮಾರು 15 ಕೆಲ್ವಿನ್‌ಗಿಂತ ಕೆಳಗೆ ಅದರಲ್ಲಿ ಕಾಂತತ್ವ ಕಂಡುದಾಗಿ 2002ರಲ್ಲಿ ವರದಿ ಮಾಡಿದರು. ಹಾಗಾದರೆ ಈಸಿಂಗ್ ಸೋತನೆ? ಇಲ್ಲ. ಆ ಪರಮಾಣುಗಳಿಗೆ ಹಿಡಿದ ದಿಕ್ಕಿನ ಹಟ ಬಲು ಹೆಚ್ಚು. ಶಿಸ್ತು ಶಾಶ್ವತವಲ್ಲ, ಕೆಡುವುದು ತಡ, ಅಷ್ಟೆ. ಆಗದೆಂದು ತಿಳಿದಿದ್ದುದರಿಂದಲೇ, ಎಷ್ಟು ಹೊತ್ತು ತಡೆದೀತು ಎಂದು ಕೇಳಲು ಬಂತು.

ನನ್ನ ಊರಿನ ಅಂಕಿಗಳು ಯಾವ ಪ್ರಶ್ನೆ ಕೇಳಿಸುತ್ತಿದ್ದವೋ, ತಿದ್ದಿದ ಮೇಲೆ ಈಗ ನನಗೇ ತಿಳಿಯದು. ಗುರುಗಳು ಇದನ್ನೋದಿ ಆ ಅಂಕಗಳನ್ನು ಕಳೆಯುವುದಾದರೆ ಕಳೆಯಲಿ. ಈ ವರ್ಷ 'ಸಿಗಲಿಲ್ಲ' ಎಂದು ಬರೆದು ತರುವ ಕಿರಿಯರಿಗೆ ಮಾತ್ರ, ಹುಡುಕಿದ ರೀತಿಯನ್ನು ನೋಡಿ ಅಂಕ ಕೊಡಬೇಕೆಂದು ಬೇಡುತ್ತೇನೆ.