ಸೇಫ್ಟಿ ಓದು ವೀಸಾಕ್ಕೆ ಮಾತ್ರವೇ?

ಪಿಯುಸಿ ಫಲಿತಾಂಶ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಈಗ ಒಂದು ಮಾತು ಕೇಳಿಬರುತ್ತದೆ: ‘ಇವನನ್ನು ಸೇಫ್ಟಿ ಕೋರ್ಸಿಗೆ ಹಾಕುವ, ಗಲ್ಫ್‌ನಲ್ಲಿ ಡಿಮಾಂಡ್ ಉಂಟಂತೆ.’ ಮಾತು ಸುಳ್ಳಲ್ಲ. ಅಲ್ಲಿನ ತೈಲ ಮತ್ತು ಕಟ್ಟಡ ಕಂಪೆನಿಗಳಿಗೆ ಸೇಫ್ಟಿ ಆಫೀಸರ್‌ಗಳು ಬೇಕು. ಬ್ರಿಟನ್ನಿನ ನೆಬೋಶ್ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯೂ ಇದೆ. ಆದರೆ ಈ ಓದನ್ನು ವೀಸಾಕ್ಕೆ ಬೇಕಾದ ಒಂದು ಕಾಗದ ಅಂತ ಮಾತ್ರ ನೋಡಿದರೆ ನಷ್ಟ ನಮಗೇ.

2022ರ ಏಪ್ರಿಲ್‌ನಲ್ಲಿ ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ನಡೆದದ್ದು ಕರಾವಳಿಯವರಿಗೆ ನೆನಪಿರಬಹುದು. ತ್ಯಾಜ್ಯದ ತೊಟ್ಟಿಗೆ ಬಿದ್ದವನನ್ನು ಎತ್ತಲು ಹೋದವರೂ ವಿಷಾನಿಲಕ್ಕೆ ಸಿಕ್ಕಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಐವರು ಜೀವ ಕಳೆದುಕೊಂಡರು. ವಿಷಾನಿಲ ಇರಬಹುದಾದ ತೊಟ್ಟಿಗೆ ಇಳಿಯುವ ಮೊದಲು ಗಾಳಿ ಪರೀಕ್ಷೆ ಆಗಬೇಕು, ತಿಳಿದವರ ಲಿಖಿತ ಪ್ರಮಾಣಪತ್ರ ಇರಬೇಕು, ಇಲ್ಲವಾದರೆ ಉಸಿರಾಟದ ಸಾಧನ ಹಾಕಿ, ಬೆಲ್ಟಿಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಹೊರಗೊಬ್ಬ ಹಿಡಿದಿರಬೇಕು. ಇದು ಹೊಸ ವಿಷಯವಲ್ಲ, 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂನಲ್ಲೇ ಇತ್ತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ತೊಟ್ಟಿಯ ಬಾಯಿಯ ಹತ್ತಿರ ನಿಂತು ‘ಇಳಿಯಬೇಡ’ ಅನ್ನುವ ಒಬ್ಬ ಬೇಕು. ಸೇಫ್ಟಿ ಆಫೀಸರ್ ಅಂದರೆ ಅವನೇ.

ಇಂಥವರ ಅಗತ್ಯ ಕರಾವಳಿಗಷ್ಟೇ ಅಲ್ಲ. ಘಟ್ಟ ಹತ್ತಿ ಬಳ್ಳಾರಿ ಜಿಲ್ಲೆಯನ್ನು ನೋಡಿ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ಕುಡತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ, ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಗಣಿಗಳು, ಬಳ್ಳಾರಿ ನಗರದಲ್ಲಿ ಜೀನ್ಸ್ ಘಟಕಗಳು, ಸಿರುಗುಪ್ಪದ ಕಡೆ ಅಕ್ಕಿ ಗಿರಣಿಗಳು. ಉಕ್ಕಿನ ಕುಲುಮೆಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲಿನ ಸಣ್ಣ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಹಾಳಾದ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ.

ಕುರುಗೋಡು ತಾಲೂಕಿನ ಬಾದನಹಟ್ಟಿಯಂಥ ಊರಿನ ಹುಡುಗ ಈ ಓದಿಗೆ ಬಂದರೆ ಅವನ ಕೈಯಲ್ಲಿ ಮೊದಲೇ ಒಂದು ಬಂಡವಾಳ ಇರುತ್ತದೆ. ಅವನಿಗೆ ಕನ್ನಡ ಬರುತ್ತದೆ, ತೆಲುಗು ಅರ್ಥವಾಗುತ್ತದೆ, ಮನೆಮಾತು ಉರ್ದುವಾದರೆ ಬಿಹಾರ, ಒಡಿಶಾದಿಂದ ಬಂದವರ ಹಿಂದಿಯೂ ತಿಳಿಯುತ್ತದೆ. ಇದು ಸಣ್ಣ ಸಂಗತಿಯಲ್ಲ. ಸುರಕ್ಷತಾ ಅಧಿಕಾರಿಗೆ ಆ ಭಾಗದ ಹೆಚ್ಚಿನ ಕಾರ್ಮಿಕರ ಭಾಷೆ ಗೊತ್ತಿರಬೇಕು ಎಂದು ಕಾರ್ಖಾನೆ ನಿಯಮಗಳೇ ಹೇಳುತ್ತವೆ. ಇಂಗ್ಲಿಷ್ ಬೋರ್ಡ್ ನೇತುಹಾಕಿದರೆ ಯಾರ ಜೀವವೂ ಉಳಿಯುವುದಿಲ್ಲ.

ಹಾಗಾದರೆ ದಾರಿ ಯಾವುದು? ಕೆಲವೇ ವಾರಗಳ ಕೋರ್ಸ್ ಮಾಡಿಸಿ ‘ಸೇಫ್ಟಿ ಆಫೀಸರ್’ ಎಂದು ಕರೆದುಬಿಡುವ ಜಾಹೀರಾತುಗಳಿಗೆ ಸಾಲ ಮಾಡಿ ದುಡ್ಡು ಸುರಿಯಬೇಡಿ. ಇಲ್ಲಿನ ಕಾರ್ಖಾನೆಯಲ್ಲಿ ಆ ಹುದ್ದೆಗೆ ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮ, ಇಲ್ಲವೇ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದವಿ ಬೇಕು. ಕೆಲಸದ ಅನುಭವ ಬೇಕು. ಅದರ ಮೇಲೆ ಸರಕಾರ ಒಪ್ಪಿದ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮ ಬೇಕು. ಕೇಂದ್ರ ಸರಕಾರದ ಚೆನ್ನೈ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಇಂಥ ಒಂದು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮ ಉಂಟು. ಬೇರೆಲ್ಲಾದರೂ ಸೇರಿಸುವುದಿದ್ದರೆ, ಆ ಡಿಪ್ಲೊಮ ನಡೆಯುತ್ತದೋ ಇಲ್ಲವೋ ಎಂದು ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ಮೊದಲು ಕೇಳಿ. ಗಣಿಗಳ ದಾರಿ ಬೇರೆ, ಅಲ್ಲಿ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆಗಳಿವೆ. ದಾರಿ ಉದ್ದ, ನಿಜ. ಆದರೆ ಈ ದಾರಿಯಲ್ಲಿ ಬಂದವನಿಗೆ ಗಲ್ಫ್‌ನ ಬಾಗಿಲು ಮುಚ್ಚುವುದಿಲ್ಲ. ವಾಪಸ್ ಬಂದರೂ ಊರಲ್ಲಿ ಕೆಲಸ ಸಿಗುತ್ತದೆ.

ಅವಕಾಶವೂ ಹಿಗ್ಗುತ್ತಿದೆ. ಹಳೆಯ ಕಾಯ್ದೆ ಪ್ರಕಾರ ಸಾವಿರ ಕಾರ್ಮಿಕರಿದ್ದ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಈ ಸಂಖ್ಯೆ 500. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗೆ ಮತ್ತು ಕಟ್ಟಡ ಕಾಮಗಾರಿಗೆ 250, ಗಣಿಗೆ 100.

ಆದರೆ ನಮ್ಮವರು ಹೆಚ್ಚಾಗಿ ದುಡಿಯುವುದು ಎಲ್ಲಿ? ಹತ್ತಿಪ್ಪತ್ತು ಜನರ ವೆಲ್ಡಿಂಗ್ ಶಾಪ್, ಗಿರಣಿ, ಗ್ಯಾರೇಜು, ಮೀನಿನ ಘಟಕ, ಹೊಲಿಗೆ ಘಟಕಗಳಲ್ಲಿ. ಈ ಲೆಕ್ಕ ಅಲ್ಲಿಗೆ ತಲುಪುವುದೇ ಇಲ್ಲ. ಅಲ್ಲಿನ ಧಣಿಗಳಲ್ಲಿ ನಮ್ಮವರೂ ಇದ್ದಾರೆ. ಹತ್ತು ಸಣ್ಣ ಘಟಕಗಳು ಸೇರಿ ಕಲಿತವನೊಬ್ಬನನ್ನು ತಿಂಗಳಿಗೆ ಎರಡು ದಿನ ಕರೆಸಿದರೆ ಯಾರೂ ಮುಳುಗಿಹೋಗುವುದಿಲ್ಲ.

ನಮ್ಮ ಜಮಾಅತ್‌ಗಳು, ಸಂಘಟನೆಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತವೆ. ಅದರಲ್ಲಿ ಡಾಕ್ಟರ್, ಎಂಜಿನಿಯರ್ ಜೊತೆಗೆ ಸುರಕ್ಷತಾ ಡಿಪ್ಲೊಮಕ್ಕೂ ಒಂದೆರಡು ಸೀಟು ಇರಲಿ. ಅದರಲ್ಲೊಂದು ಹುಡುಗಿಗೆ ಸಿಗಲಿ, ಹೊಲಿಗೆ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ತಮ್ಮ ಕಷ್ಟವನ್ನು ಅವಳ ಹತ್ತಿರ ಸಂಕೋಚವಿಲ್ಲದೆ ಹೇಳಿಯಾರು. ಅಪಘಾತ ಆದ ಮೇಲೆ ಚಂದಾ ಎತ್ತುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅಪಘಾತ ಆಗದ ಹಾಗೆ ನೋಡಿಕೊಳ್ಳುವವರ ಓದಿಗೂ ಅದೇ ಕೈ ಮುಂದೆ ಬರಲಿ.