ಹಳೆಯ ಗಿರಾಕಿಯ ಹಕ್ಕು

ಒಬ್ಬರೇ ಕ್ಷೌರಿಕರ ಮುಂದೆ ಇಪ್ಪತ್ತೆರಡು ವರುಷ ತಲೆ ತಗ್ಗಿಸಿ ಕುಳಿತವನು ನಾನು. ಕಾಲೇಜಿನ ಪ್ರಾಂಶುಪಾಲರ ಮುಂದೆಯೂ ಅಷ್ಟು ವಿಧೇಯನಾಗಿ ಕುಳಿತುದುಂಟೆಂದು ಹೇಳಲಾರೆ. ಕೋಟದ ಪೇಟೆಯಲ್ಲಿ, ಹೆದ್ದಾರಿಯಿಂದ ತುಸು ಒಳಗೆ, ಎರಡು ಕುರ್ಚಿಗಳ ಸಣ್ಣ ಅಂಗಡಿ ಅವರದು. ನನ್ನ ಮದುವೆಯ ಹಿಂದಿನ ದಿನ ನನ್ನ ತಲೆಯನ್ನು ಒಪ್ಪಗೊಳಿಸಿದವರು ಅವರು. ಅದೇ ತಲೆ ನರೆಯತೊಡಗಿದುದನ್ನು ನನಗಿಂತ ಮೊದಲು ಕಂಡು, ಏನೂ ಹೇಳದೆ ಸುಮ್ಮನಿದ್ದವರೂ ಅವರೇ.

ಕಳೆದ ತಿಂಗಳು ಒಂದು ಆದಿತ್ಯವಾರ ಅಲ್ಲಿಗೆ ಹೋದಾಗ ಕನ್ನಡಿಯ ಪಕ್ಕದಲ್ಲಿ ಹೊಸ ಕಾಗದವೊಂದು ಕಾಣಿಸಿತು. ಹತ್ತು ಸಲ ಕ್ಷೌರ ಮಾಡಿಸಿಕೊಂಡವರಿಗೆ ಹನ್ನೊಂದನೆಯ ಸಲ ಉಚಿತ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಅದು ಮಗನ ಯೋಜನೆ. ಕೆಲವು ವರುಷ ಬೆಂಗಳೂರಿನಲ್ಲಿ ದುಡಿದು, ಈಗ ಊರಿಗೆ ಮರಳಿ, ತಂದೆಯ ಪಕ್ಕದ ಕುರ್ಚಿಯ ಹಿಂದೆ ನಿಂತಿರುವ ಹುಡುಗ. ನನ್ನ ಕೈಗೂ ಅವನು ಒಂದು ಚೀಟಿ ಕೊಟ್ಟ. ಅದರಲ್ಲಿ ಹತ್ತು ಚೌಕಗಳು. ಬಂದಾಗಲೆಲ್ಲ ಒಂದೊಂದಕ್ಕೆ ಗುರುತು ಹಾಕಿಸಿಕೊಳ್ಳಬೇಕು.

ಮನುಷ್ಯನ ಮನಸ್ಸು ವಿಚಿತ್ರವಾದುದು. ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಂತೆ ನಾನು ಹಿಂದಿನ ಲೆಕ್ಕ ತೆಗೆಯತೊಡಗಿದೆ. ತಿಂಗಳಿಗೊಂದರಂತೆ 22 ವರುಷಕ್ಕೆ 264 ಕ್ಷೌರ; ಹನ್ನೊಂದಕ್ಕೊಂದರಂತೆ 24 ಕ್ಷೌರ ನನಗೆ ಬಾಕಿ ಬರತಕ್ಕದ್ದು! ಎರಡು ವರುಷ ಕಾಸಿಲ್ಲದೆ ತಲೆಯೊಡ್ಡುವ ಹಕ್ಕು ನನಗುಂಟೆಂದು ಒಳಗೊಳಗೇ ಹಿಗ್ಗಿದೆ. ಆಗಲೇ ಕಣ್ಣು ಕಾಗದದ ಕೆಳತುದಿಗೆ ಹೋದುದು. ಅಲ್ಲಿ ದರಪಟ್ಟಿಯಿತ್ತು. ಕೂದಲು ಕತ್ತರಿಸಲು 150 ರೂಪಾಯಿ.

ನಾನು ಕೊಡುತ್ತಿದ್ದುದು 80. ಅದು 2020ರ ಕೊರೋನಾ ಕಾಲಕ್ಕೂ ಹಿಂದಿನ ದರ. ಆಮೇಲೆ ಬ್ಲೇಡಿನಿಂದ ಬಾಡಿಗೆಯವರೆಗೆ ಎಲ್ಲದರ ಬೆಲೆಯೂ ಏರಿತು. ಉಳಿದ ಗಿರಾಕಿಗಳ ದರವೂ ಮೆಲ್ಲಮೆಲ್ಲನೆ ಏರಿತು. ನನ್ನದು ಮಾತ್ರ ಏರಲಿಲ್ಲ. ಅವರು ಕೇಳಲಿಲ್ಲ, ನಾನು ವಿಚಾರಿಸಲಿಲ್ಲ. ಕುರ್ಚಿಯಲ್ಲಿ ಕುಳಿತು, ಕನ್ನಡಿಯೊಳಗಿನ ಅವರ ಮುಖವನ್ನು ನೋಡುತ್ತ, ಇದೇನೆಂದು ಪ್ರಶ್ನಿಸಿದೆ.

“ಹ್ವಾಯ್, ಅದೆಲ್ಲ ನಿಮ್ಗಲ್ಲ ಮಾಷ್ಟ್ರೆ,” ಎಂದರು ಅವರು, ಕತ್ತರಿ ನಿಲ್ಲಿಸದೆ. “ನಿಮ್ಮ ಹತ್ರ ಹ್ಯಾಂಗ್ ಕೇಂಬುದ್?”

ಈ ಒಂದು ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. 24 ಕ್ಷೌರಗಳ ಸಾಲಗಾರನೆಂದು ನಾನು ಯಾರನ್ನು ಎಣಿಸಿದ್ದೆನೋ ಅವರು ಎಷ್ಟೋ ವರುಷಗಳಿಂದ ಪ್ರತಿ ತಿಂಗಳೂ ತಮ್ಮ ಕೂಲಿಯ ಒಂದು ಪಾಲನ್ನು ಸದ್ದಿಲ್ಲದೆ ನನಗೆ ಬಿಟ್ಟುಕೊಡುತ್ತಿದ್ದರು. ಸಂಬಳ ತರುವವನು ನಾನು. ತುಟ್ಟಿಭತ್ಯೆ ಏರಿತೇ ಇಲ್ಲವೇ ಎಂದು ಪತ್ರಿಕೆಯಲ್ಲಿ ಹುಡುಕುವವನೂ ನಾನು. ಅವರ ತುಟ್ಟಿಭತ್ಯೆ ನನ್ನ ಜೇಬಿನಲ್ಲಿ ಉಳಿದಿತ್ತು.

ಆದುದರಿಂದ ಈ ಪ್ರಶ್ನೆಯನ್ನು ಓದುಗರ ಮುಂದಿಡುವ ಮನಸ್ಸಾಗಿದೆ. ತನ್ನ ಎರಡು ಕೈಗಳ ಕೆಲಸದಿಂದಲೇ ಬದುಕುವವರು, ಕ್ಷೌರಿಕರಿರಲಿ, ದರ್ಜಿಯಿರಲಿ, ಅಡುಗೆಯ ಭಟ್ಟರಿರಲಿ, ಮನೆಪಾಠ ಹೇಳುವವರಿರಲಿ, ಬಿಡದೆ ಮರಳಿ ಬರುವ ಗಿರಾಕಿಗೆ ಬಹುಮಾನ ಕೊಡಬೇಕೆ? ಹಣದ ರೂಪದಲ್ಲಿ ಕೊಡಬೇಕಾಗಿಲ್ಲ, ಅದನ್ನು ಕೇಳುವ ಹಕ್ಕು ಗಿರಾಕಿಗೆ ಇಲ್ಲವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಥ ಚೀಟಿಗಳು ಹುಟ್ಟಿದುದು ಸಣ್ಣ ಅಂಗಡಿಗಳಲ್ಲಲ್ಲ. ಅಮೆರಿಕದಲ್ಲಿ 1896ರಲ್ಲಿ ಸ್ಪೆರಿ ಮತ್ತು ಹಚಿನ್‌ಸನ್ ಎಂಬ ಸಂಸ್ಥೆ ಹಸುರು ಬಣ್ಣದ ಚೀಟಿಗಳನ್ನು ವರ್ತಕರಿಗೆ ಮಾರತೊಡಗಿತು. ವರ್ತಕರು ಅವನ್ನು ಗಿರಾಕಿಗಳಿಗೆ ಹಂಚಿದರು. ಗಿರಾಕಿಗಳು ಪುಸ್ತಕಕ್ಕೆ ಅಂಟಿಸಿ, ತುಂಬಿದ ಮೇಲೆ ಸಾಮಾನು ಪಡೆದರು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆ, ಹಾರಿದ ಮೈಲುಗಳನ್ನು ಎಣಿಸಿ ಉಚಿತ ಪ್ರಯಾಣ ಕೊಡುವ ಏರ್ಪಾಡು ಮಾಡಿತು. ಇದರ ಒಳಗುಟ್ಟು ಸರಳವಾದುದು. ವಿಮಾನ ಹೇಗೂ ಹಾರಲೇಬೇಕು. ಖಾಲಿ ಉಳಿಯುವ ಆಸನದಲ್ಲಿ ಒಬ್ಬನನ್ನು ಕೂರಿಸಿದರೆ ಸಂಸ್ಥೆಗೆ ಹೆಚ್ಚಿನ ವೆಚ್ಚವಿಲ್ಲ. ಅದು ಕೊಡುವುದು ತನಗೆ ಬೇಡವಾದುದನ್ನು.

ಅಷ್ಟು ದೂರ ಹೋಗುವುದೇಕೆ? ನಮ್ಮ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಫಲಾಹಾರದ ಮನೆ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಈ ಕರಾವಳಿಯಿಂದ ಹೊರಟು ಊರೂರುಗಳಲ್ಲಿ ಹೋಟೆಲು ನಡೆಸಿದವರು ಎಷ್ಟೋ ಮಂದಿ. ಹೋಟೆಲಿನವರು ಹಳೆಯ ಗಿರಾಕಿಯ ತಟ್ಟೆಗೆ ಇನ್ನೊಂದು ಸೌಟು ಸಾಂಬಾರು ಬಡಿಸಬಲ್ಲರು. ಕೊಳಗ ದೊಡ್ಡದು, ಸೌಟು ಸಣ್ಣದು. ಕ್ಷೌರಿಕರಿಗೆ ಅಂಥ ಕೊಳಗವೆಲ್ಲಿದೆ? ಅವರಲ್ಲಿರುವುದು ದಿನದ ಹನ್ನೆರಡು ಗಂಟೆ ಮತ್ತು ನಿಂತು ನಿಂತು ಊದಿಕೊಂಡ ಎರಡು ಕಾಲು. ಅವರು ಬಿಟ್ಟಿ ಕೊಡುವ ಅರ್ಧ ಗಂಟೆ ಖಾಲಿ ಆಸನವಲ್ಲ, ಅವರ ಆಯುಷ್ಯದ ಅರ್ಧ ಗಂಟೆ.

ಲೆಕ್ಕವನ್ನೇ ಹಾಕಿ ನೋಡೋಣ. 150 ರೂಪಾಯಿಯಲ್ಲಿ ಬಾಡಿಗೆ, ವಿದ್ಯುತ್ತು, ಬ್ಲೇಡು, ಸಾಬೂನುಗಳಿಗೆ 50 ಹೋಗುತ್ತದೆಂದು ಇಟ್ಟುಕೊಳ್ಳಿ; ಕೂಲಿ 100 ಉಳಿಯಿತು. ಹತ್ತು ಕ್ಷೌರಕ್ಕೆ ಕೂಲಿ 1000. ಹನ್ನೊಂದನೆಯದರಲ್ಲಿ ಬರುವುದು ಸೊನ್ನೆ, ಹೋಗುವುದು ಮತ್ತೆ 50. ಹನ್ನೊಂದು ಸಲ ದುಡಿದು ಉಳಿದುದು 950. ಸಲಕ್ಕೆ ಸುಮಾರು 86. ಗಿರಾಕಿಗೆ ಒಂಬತ್ತು ಪಾಲು ಸೋಡಿ ಎಂದು ತೋರುವುದು ಕೆಲಸಗಾರನ ಪಾಲಿಗೆ ನೂರಕ್ಕೆ ಹದಿನಾಲ್ಕರ ಸಮೀಪದ ಕಡಿತ. ಯಾವ ಅಧ್ಯಾಪಕನಾದರೂ, ಹತ್ತು ತಿಂಗಳು ಸಂಬಳ ಪಡೆದವನು ಹನ್ನೊಂದನೆಯ ತಿಂಗಳು ವಿದ್ಯಾರ್ಥಿಗಳ ನಿಷ್ಠೆಗೆ ಮೆಚ್ಚಿ ಪುಕ್ಕಟೆ ಪಾಠ ಹೇಳಲೆಂದರೆ ಒಪ್ಪುವನೆ?

ಇದಕ್ಕೆ ಇನ್ನೊಂದು ಮುಖವಿದೆ. ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡ ಮಗ ಸುಮ್ಮನಿರಲಿಲ್ಲ. “ಸಾರ್, ಹೆದ್ದಾರಿಯ ಪಕ್ಕ ತಣ್ಣನೆಯ ಗಾಳಿ ಹಾಕಿದ ಸೆಲೂನುಗಳು ಬರುತ್ತಾ ಇವೆ. ಹುಡುಗರು ಅಲ್ಲಿಗೆ ಹೋಗುತ್ತಾರೆ. ನೀವು ಬರುತ್ತೀರಿ, ನಿಮ್ಮ ಮಗ ಬರುತ್ತಾನೆಯೆ?” ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ನನ್ನ ಮಗ ಆ ಅಂಗಡಿಗೆ ಹೋಗದೆ ಎರಡು ವರುಷವಾಗಿದೆ.

ಹುಡುಗನ ಭಯ ನಿಜವಾದುದು. ನಿತ್ಯದ ಗಿರಾಕಿಯ ಬೆಲೆ ಏನೆಂಬುದನ್ನು ನಮ್ಮ ಊರಿನ ಮಳೆಗಾಲ ಚೆನ್ನಾಗಿ ಕಲಿಸುತ್ತದೆ. ಆಸಾಡಿ ತಿಂಗಳಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ. ಅಡುಗೆಯ ಭಟ್ಟರೂ ದರ್ಜಿಗಳೂ ಕೈಕಟ್ಟಿ ಮಳೆ ನೋಡುತ್ತ ಕೂರುವ ಕಾಲ ಅದು. ಆಗಲೂ ಕೊಡೆ ಮಡಚಿ ಒಳಗೆ ಬರುವವನು ಹಳೆಯ ಗಿರಾಕಿಯೇ. ಅವನಿಗೆ ಕರಪತ್ರ ಬೇಡ, ಫಲಕ ಬೇಡ. ಅವನೇ ನಾಲ್ಕು ಮಂದಿಗೆ ಹೇಳಿ ಕಳುಹಿಸುತ್ತಾನೆ. ಇದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಚೀಟಿಗಾಗಿ ಬಂದವನು ಚೀಟಿಗಾಗಿಯೇ ಹೋಗುತ್ತಾನೆ. ಪಕ್ಕದ ಸೆಲೂನಿನವನು ಹತ್ತರ ಬದಲು ಎಂಟು ಚೌಕದ ಚೀಟಿ ಅಚ್ಚುಹಾಕಿಸಿದರೆ ಈ ನಿಷ್ಠೆ ಅಲ್ಲಿಗೆ ನಡೆಯಿತು. ಹಣವಂತನೊಡನೆ ಬೆಲೆ ಇಳಿಸುವ ಪಂದ್ಯಕ್ಕೆ ನಿಂತ ಬಡವ ಗೆದ್ದುದು ಅಪರೂಪ.

ಹಿಂದಿನ ಕಾಲವೇ ಚೆನ್ನಾಗಿತ್ತು, ಆಗ ಇಂಥ ಲೆಕ್ಕಾಚಾರವಿರಲಿಲ್ಲ ಎನ್ನುವವರುಂಟು. ನಮ್ಮ ಅಜ್ಜನ ಕಾಲದಲ್ಲಿ ಕ್ಷೌರಿಕರು ಮನೆಗೇ ಬರುತ್ತಿದ್ದರು. ಅಂಗಳದ ಮೂಲೆಯಲ್ಲಿ ಕೆಲಸ. ಕೊಯ್ಲಿನ ಮೇಲೆ ಧಾನ್ಯದ ರೂಪದಲ್ಲಿ ಪ್ರತಿಫಲ. ಘಟ್ಟದ ಮೇಲೆ ಇದಕ್ಕೆ ಆಯವೆಂದೂ ಅದನ್ನು ಪಡೆಯುವವರಿಗೆ ಆಯಗಾರರೆಂದೂ ಹೆಸರು. ಉತ್ತರ ಹಿಂದುಸ್ತಾನದ ಒಂದು ಹಳ್ಳಿಯನ್ನು ಅಭ್ಯಸಿಸಿ ವಿಲಿಯಂ ವೈಸರ್ 1936ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಬಗೆಯ ಏರ್ಪಾಡಿಗೆ ಜಜಮಾನಿ ಪದ್ಧತಿ ಎಂಬ ಹೆಸರು ವಿದ್ವಾಂಸರಲ್ಲಿ ನೆಲೆಗೊಂಡಿತು. ಅಲ್ಲಿ ಮನೆತನಕ್ಕೆ ಮನೆತನ ನಿಷ್ಠವಾಗಿತ್ತು, ನಿಜ. ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದವನ ನಿಷ್ಠೆಯನ್ನು ನಿಷ್ಠೆಯೆನ್ನಬಹುದೆ? ಕೂಲಿ ಎಷ್ಟೆಂದು ಹೇಳುವ ಬಾಯಿ ಅವನಿಗಿರಲಿಲ್ಲ; ಜಗಲಿ ಹತ್ತುವ ಕಾಲೂ ಇರಲಿಲ್ಲ. 1974ರ ಭೂಸುಧಾರಣೆಯಿಂದ ನಮ್ಮಲ್ಲಿ ಗೇಣಿ ಹೋಯಿತು. ಮೊದಲೇ ಸಡಿಲುತ್ತಿದ್ದ ಧಾನ್ಯದ ಲೆಕ್ಕವೂ ಮೆಲ್ಲನೆ ಹಣದ ಲೆಕ್ಕವಾಯಿತು. ಪೇಟೆಯಲ್ಲಿ ಕುರ್ಚಿ ಹಾಕಿ, ಎಲ್ಲ ಜಾತಿಯವರನ್ನೂ ಒಂದೇ ಕನ್ನಡಿಯ ಮುಂದೆ ಕೂರಿಸಿ, ಇಷ್ಟು ಕೊಡಿ ಎಂದು ಕೇಳುವ ಕ್ಷೌರಿಕ ಆ ಅಂಗಳದ ಮೂಲೆಯಿಂದ ಬಹುದೂರ ನಡೆದು ಬಂದವನು. ‘ನಿಮ್ಮ ಹತ್ರ ಹ್ಯಾಂಗ್ ಕೇಂಬುದ್’ ಎಂಬ ಮಾತಿನಲ್ಲಿ ಸ್ನೇಹ ಎಷ್ಟಿದೆಯೋ ಆ ಹಳೆಯ ಅಂಗಳದ ನೆರಳೂ ಅಷ್ಟೇ ಇದೆಯೆಂದು ನನಗೆ ತೋರಿತು. ನನ್ನನ್ನು ನೋಯಿಸಿದುದು ಅದೇ.

ಹಾಗಾದರೆ ಹಳೆಯ ಗಿರಾಕಿಗೆ ಏನೂ ಸಲ್ಲಬಾರದೆ? ಸಲ್ಲುವುದುಂಟು. ಅದಕ್ಕೆ ನಮ್ಮ ಭಾಷೆಯಲ್ಲಿ ಕೊಸರು ಎಂಬ ಸೊಗಸಾದ ಮಾತಿದೆ. ಅಳತೆ ಮುಗಿದ ಮೇಲೆ, ಮಾರುವವನು ತಾನಾಗಿ ಹಾಕುವ ಒಂದು ಹಿಡಿ. ಅದು ಅಳತೆಯೊಳಗೆ ಸೇರಿದುದಲ್ಲ. ಇಷ್ಟಕ್ಕೆ ಇಷ್ಟೆಂದು ಬರೆದಿಟ್ಟರೆ ಅದು ಕೊಸರಲ್ಲ, ಕರಾರು.

ನನ್ನ ತಂದೆಯವರು ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಆ ಎಂಟು ತಿಂಗಳೂ ಈ ಕ್ಷೌರಿಕರು ಯಾರೂ ಕರೆಯದೆ ಮನೆಗೆ ಬಂದರು. ಅಂಗಡಿಗೆ ರಜೆಯಿರುವ ಮಂಗಳವಾರ ಬರುತ್ತಿದ್ದರು. ಮಂಗಳವಾರ ಕ್ಷೌರ ಕೂಡದೆಂದು ಜೀವಮಾನವಿಡೀ ಪಾಲಿಸಿದ ತಂದೆಯವರು ಆ ಕೈಗೆ ಮರುಮಾತಿಲ್ಲದೆ ಗಡ್ಡ ಒಡ್ಡಿದರು. ಜಗಲಿಯಲ್ಲಲ್ಲ, ಒಳಕೋಣೆಯಲ್ಲಿ, ಮಂಚದ ಪಕ್ಕದಲ್ಲಿ. ಯಾವ ಚೀಟಿಯ ಯಾವ ಚೌಕದಲ್ಲಿ ಇದನ್ನು ಗುರುತಿಸುವುದು? ಆಗಲೂ ನಾನು ಅಂಗಡಿಯ ದರವನ್ನೇ ಕೊಟ್ಟೆನೆಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸರದಿಯೂ ಒಂದು ಬಗೆಯ ಕೊಸರು. ನಮ್ಮ ಭಾಗದ ಮಂದಾರ್ತಿ ಮೇಳದ ಹರಕೆ ಆಟಕ್ಕೆ ಜನ ವರುಷಗಟ್ಟಲೆ ಕಾಯುತ್ತಾರೆ. ದರ್ಜಿಯ ಬಳಿಯಲ್ಲಿಯೂ ಮದುವೆಯ ಹಂಗಾಮಿನಲ್ಲಿ ಸರದಿ ಸಿಕ್ಕುವುದೇ ದುರ್ಲಭ. ಇಂಥಲ್ಲಿ ಹಳೆಯವನಿಗೆ ಒಂದು ದಿನ ಮೊದಲು ಬಟ್ಟೆ ಹೊಲಿದುಕೊಟ್ಟರೆ ಕೂಲಿಗೆ ಕುಂದಿಲ್ಲ, ಗಿರಾಕಿಗೆ ಉಪಕಾರ. ಆದರೆ ಅದನ್ನೂ ಕೊಡುವವನೇ ಆರಿಸಬೇಕು.

ಇತಿಹಾಸದಲ್ಲಿ ಈ ಬಹುಮಾನ ನಡೆದ ದಿಕ್ಕೂ ನೆನೆಯತಕ್ಕದ್ದು. 16ನೆಯ ಶತಮಾನದ ನಡುವಿನಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಳಿಯ ರಾಮರಾಯನು ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನಿಗೆ ಮೆಚ್ಚಿ, ಕ್ಷೌರಿಕರಿಗೆ ತೆರಿಗೆ ಮತ್ತು ಬಿಟ್ಟಿ ಕೆಲಸಗಳಿಂದ ವಿನಾಯಿತಿ ಕೊಡಿಸಿದ ಸಂಗತಿ ಶಾಸನಗಳಲ್ಲಿ ಬಂದಿದೆ. ಗಿರಾಕಿಯೇ ಕೆಲಸಗಾರನಿಗೆ ಕೊಟ್ಟ ಮೆಚ್ಚು ಅದು. ಆ ತಲೆ 1565ರ ಯುದ್ಧದಲ್ಲಿ ಉರುಳಿತು, ಶಾಸನಗಳು ಉಳಿದವು. ಇನ್ನು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಾವು ಕನ್ನಡ ಅಧ್ಯಾಪಕರು ಪ್ರತಿ ವರುಷ ತರಗತಿಯಲ್ಲಿ ಹೇಳುವಂಥದು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಹಿಂದಿರುಗಿಸಿ ಬಾ ಎಂದವಳು ಆಕೆ. ಪಾಠ ಹೇಳಿ ಚಪ್ಪಾಳೆ ಪಡೆದ ನಾನೇ ತಿಂಗಳಿಗೆ ಎಪ್ಪತ್ತು ರೂಪಾಯಿಯ ಅಕ್ಕಿಯನ್ನು ಅರಿಯದೆ ಮನೆಗೆ ಹೊತ್ತೆ.

ಅಂದು ಏಳುವಾಗ 150 ರೂಪಾಯಿ ಕೊಟ್ಟೆ. ಅವರು ಬೇಡವೆಂದರು. ನಾನು ನಿಂತೇ ಇದ್ದೆ. ಕೊನೆಗೆ ಮಗ ಮುಂದೆ ಬಂದು, “ತಕ್ಕೊಳ್ಳಿ ಅಪ್ಪಯ್ಯ,” ಎಂದು ಹಣವನ್ನು ಗಲ್ಲೆಗೆ ಹಾಕಿದ. ಚೀಟಿಯನ್ನು ಹಿಂದಿರುಗಿಸಿದೆ, ಅದನ್ನು ಮಾತ್ರ ಅವನು ಅಷ್ಟು ಸಂತೋಷದಿಂದ ತೆಗೆದುಕೊಳ್ಳಲಿಲ್ಲ. ನನ್ನ ಮಾತಿನಿಂದ ಅವನ ಭಯ ಕಳೆದಿಲ್ಲವೆಂಬುದನ್ನು ಬಲ್ಲೆ. ಅದನ್ನು ಕಳೆಯಬೇಕಾದವರು ನಾವು, ಗಿರಾಕಿಗಳು. ನಮಗಾಗಿ ಬಹುಕಾಲದಿಂದ ದುಡಿಯುತ್ತಿರುವ ಒಂದೊಂದು ಜೊತೆ ಕೈಯನ್ನು ನೆನೆದು, ಇಂದಿನ ದರ ಎಷ್ಟೆಂದು ನಾವಾಗಿಯೇ ಕೇಳಬೇಕು; ಕೇಳಿದ ಮೇಲೆ ಚೌಕಾಸಿ ಮಾಡದೆ ಕೊಡಬೇಕು.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅವರು ಮತ್ತೆ ಕರೆದರು. ಕಿವಿಯ ಮೇಲೆ ಎರಡು ಕೂದಲು ಉಳಿದಿದ್ದುವಂತೆ. ನಿಂತಲ್ಲೇ ಕತ್ತರಿಸಿ ಕಳುಹಿಸಿದರು. ಅದಕ್ಕೆ ದರಪಟ್ಟಿಯಲ್ಲಿ ಬೆಲೆ ಬರೆದಿರಲಿಲ್ಲ, ನಾನೂ ಕೇಳಲಿಲ್ಲ.